ಎಲ್ಲಿಗೆ ಅಂತ ಕೇಳಬಾರದು

ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು. ಇದನ್ನು ನಿರುಪಮಾಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಮೈಸೂರಿನ ಸರಸ್ವತಿಪುರಂ ಮನೆಯಲ್ಲಿ ಅಪ್ಪ ಚಪ್ಪಲಿ ಮೆಟ್ಟುತ್ತಿದ್ದಾಗ ಇವಳು ಒಂದು ಸಲ ಎಲ್ಲಿಗಪ್ಪಾ ಅಂದಳು. ಅಜ್ಜಿ ತಲೆ ಮೇಲೆ ಮೊಟಕಿದರು. ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು, ಐದು ನಿಮಿಷ ಕೂತು, ಒಂದು ಲೋಟ ನೀರು ಕುಡಿದು ಮತ್ತೆ ಹೊರಟರು. ಅಷ್ಟೇ ಪಾಠ. ಕೇಳಲೇಬೇಕು ಅಂತ ನಾಲಿಗೆ ತುರಿಸಿದರೆ ‘ದೂರಾನಾ?’ ಅನ್ನಬೇಕು, ಹೊರಟವರು ‘ಹೂಂ, ಸ್ವಲ್ಪ’ ಅನ್ನಬೇಕು, ಮುಗೀತು. ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿ, ಕಾಲೇಜಿನಲ್ಲಿ ಆರು ವರ್ಷ ಪಾಠ ಹೇಳಿ, ಮಿಷಿಗನ್ನಿಗೆ ಬಂದು ಏಳು ವರ್ಷವಾದರೂ ಅದು ಅವಳನ್ನು ಬಿಟ್ಟಿರಲಿಲ್ಲ. ನಂಬಿಕೆ ಅಂತೇನಲ್ಲ, ಅಂತಿದ್ದಳು. ಕೇಳದೆ ಇದ್ದರೆ ನಮ್ಮ ಗಂಟೇನು ಹೋಗುತ್ತೆ?

ಆ ವರ್ಷ, ಅಂದರೆ ಎರಡು ಸಾವಿರದ ಒಂಬತ್ತರಲ್ಲಿ, ಡೆಟ್ರಾಯಿಟ್ ಸುತ್ತಮುತ್ತ ಯಾರ ಮನೆಗೆ ಹೋದರೂ ಕಾಫಿಗಿಂತ ಮುಂಚೆ ಯಾರ ಕೆಲಸ ಹೋಯಿತು ಅನ್ನುವ ಸುದ್ದಿ ಬರುತ್ತಿತ್ತು. ನಿರುಪಮಾಳ ಗಂಡ ಪದ್ಮನಾಭ ಡಿಯರ್‌ಬಾರ್ನ್‌ನಲ್ಲಿ ಕಾರಿನ ಬ್ರೇಕುಗಳ ಡಿಸೈನ್ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಎಂಜಿನಿಯರು. ಜನವರಿ ಕೊನೆಯ ಶುಕ್ರವಾರ ಹದಿನಾಲ್ಕು ಜನರನ್ನು ಒಂದೇ ಕೋಣೆಗೆ ಕರೆದು ಮನೆಗೆ ಕಳಿಸಿಬಿಟ್ಟರು. ಬ್ಯಾಡ್ಜು, ಲ್ಯಾಪ್‌ಟಾಪು, ಕಂಪನಿಯ ಫೋನು ಎಲ್ಲ ಅಲ್ಲೇ ಇಟ್ಟು ಬಂದ. ಮನೆಯಲ್ಲಿ ಉಳಿದದ್ದು ನಿರುಪಮಾಳ ಒಂದು ಫೋನು. ಕೆಲಸ ಹೋದರೆ ವೀಸಾನೂ ಹೋದ ಹಾಗೆ. ಬೇರೆ ಕಂಪನಿ ಯಾವುದಾದರೂ ಬೇಗ ಕೈ ಹಿಡಿಯದಿದ್ದರೆ ಐದನೇ ಕ್ಲಾಸಿನ ಮಗಳು ತನ್ಮಯಿಯನ್ನು ಎಳಕೊಂಡು ಗಂಟುಮೂಟೆ ಕಟ್ಟಬೇಕು. ಇದಕ್ಕೆಲ್ಲ ನಿರುಪಮಾ ಅಷ್ಟಾಗಿ ಹೆದರಿರಲಿಲ್ಲ. ಹೋದರೆ ಹೋದೆವು, ಮೈಸೂರೇನು ಮುಳುಗಿಹೋಗಿದೆಯಾ? ಅವಳ ಎದೆಯಲ್ಲಿದ್ದ ಭಯ ಬೇರೆ, ಅದು ಇದಕ್ಕೂ ಮುಂಚೆ ಸತ್ಯ ಸತ್ತಾಗಲೇ ಹೊಕ್ಕಿತ್ತು.

ಸತ್ಯ ಪದ್ಮನಾಭನ ಕ್ಲಾಸ್‌ಮೇಟು. ಅವನ ಹೆಂಡತಿ ಜಯದೇವಿ ಧಾರವಾಡದವಳು. ಇವರ ಮನೆಯಿಂದ ನಾಲ್ಕು ಮೈಲಿಯಲ್ಲೇ ಇದ್ದರು. ಹಿಂದಿನ ಅಕ್ಟೋಬರ್ ಕೊನೆಗೆ ಅವನ ಕೆಲಸ ಹೋಯಿತು, ಹೆಂಡತಿಗೆ ಹೇಳಲಿಲ್ಲ ಪುಣ್ಯಾತ್ಮ. ದಿನಾ ಬೆಳಗ್ಗೆ ಏಳೂವರೆಗೆ ಟೈ ಕಟ್ಟಿಕೊಂಡು, ಅವಳು ಕಟ್ಟಿಕೊಟ್ಟ ರೊಟ್ಟಿ ಡಬ್ಬಿ ಹಿಡಕೊಂಡು ಹೊರಡುತ್ತಿದ್ದ. ಐದು ವಾರ ಹೀಗೇ ನಡೆಸಿದ. ಡಿಸೆಂಬರಿನ ಒಂದು ಮಂಗಳವಾರ ಹೋದವನು ಬರಲಿಲ್ಲ. ನದಿ ದಡದ ಪಾರ್ಕಿಂಗ್ ಲಾಟಿನಲ್ಲಿ ಕಾರು ಸಿಕ್ಕಿತು, ಸೀಟಿನ ಮೇಲೆ ಡಬ್ಬಿ, ರೊಟ್ಟಿ ತಿಂದು ಮುಗಿಸಿದ್ದ. ಅವನು ಸಿಕ್ಕಿದ್ದು ನಾಲ್ಕು ದಿನ ಬಿಟ್ಟು, ನೀರಿನಲ್ಲಿ.

ಮಾತಾಡಿಸಲು ಹೋದವರಿಗೆಲ್ಲ ಜಯದೇವಿ ಒಂದೇ ಮಾತು ಹೇಳುತ್ತಿದ್ದಳು: “ಎಲ್ಲಿಗೆ ಹೊಂಟೀರಿ ಅಂತ ಒಂದ್ ದಿನಾನೂ ಕೇಳಲಿಲ್ಲ ನಾ.” ಅಳು ಇಲ್ಲ, ಏನಿಲ್ಲ, ಯಾರಿಗೋ ವಿಳಾಸ ಹೇಳಿದ ಹಾಗೆ ಹೇಳುತ್ತಿದ್ದಳು. ನಿರುಪಮಾ ಅವಳ ಬೆನ್ನು ಸವರಿ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡಳು. ಮತ್ತೆ ನೋಡಿ, ಮಾರನೆಯ ಬೆಳಗ್ಗೆ ತನ್ನ ಗಂಡ ಶೂ ಹಾಕಿಕೊಳ್ಳುವಾಗ ಎಂದಿನ ಹಾಗೆ ಬಾಯಿ ಮುಚ್ಚಿಕೊಂಡು ಬಾಗಿಲಲ್ಲಿ ನಿಂತಳು. ಅಷ್ಟು ದಿನದ ಅಭ್ಯಾಸ ಒಂದು ಸಾವಿಗೆಲ್ಲ ಹೋಗುತ್ತದೆಯೆ?

ಫೆಬ್ರವರಿಯಲ್ಲಿ ಎರಡು ಗುರುವಾರ ಪದ್ಮನಾಭ ಇಂಟರ್‌ವ್ಯೂ ಅಂತ ಹೋಗಿ ಬಂದ. ಯಾವ ಕಂಪನಿ, ಯಾವ ಊರು, ಇವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಬಾಯಿಬಿಟ್ಟರೆ ಕೈಗೂಡೋಲ್ಲ, ಆದ ಮೇಲೆ ಹೇಳಿದರಾಯಿತು ಅನ್ನುವುದು ಇಬ್ಬರಿಗೂ ಒಪ್ಪಿಗೆಯಾದ ವ್ಯವಹಾರ. ಮಾರ್ಚಿನಲ್ಲಿ ಮೂರನೆಯದು ಬಂತು. ಈ ಸಲ ದೂರ, ಇಲಿನಾಯ್ ಒಳಗೆ. ಹಿಂದಿನ ದಿನವೇ ಹೋಗಿ ಪ್ಲೇನ್‌ಫೀಲ್ಡ್‌ನಲ್ಲಿ ಗೆಳೆಯ ಪ್ರಸನ್ನನ ಮನೆಯಲ್ಲಿ ಉಳಿದು, ಬೆಳಗ್ಗೆ ಮುಂದಕ್ಕೆ ಡ್ರೈವ್ ಮಾಡಬೇಕು ಅಂದ. ನಾವೂ ಬರ್ತೀವಿ ಅಂದಳು ನಿರುಪಮಾ. ಯಾಕೆ ಅಂದ. ಸುಮ್ನೆ, ತನ್ಮಯಿಗೆ ಊರು ತೋರಿಸಿದ ಹಾಗಾಗುತ್ತೆ ಅಂದಳು. ಸುಳ್ಳು. ಅವನೊಬ್ಬನನ್ನೇ ಕಳಿಸುವ ಧೈರ್ಯ ಅವಳಿಗಿರಲಿಲ್ಲ.

ಪ್ಲೇನ್‌ಫೀಲ್ಡ್‌ನಲ್ಲಿ ಎಲ್ಲ ಮನೆಗಳೂ ಒಂದೇ ಅಚ್ಚಿನವು. ಪ್ರಸನ್ನನ ಮನೆಯ ಎದುರಿನ ಎರಡು ಮನೆಗಳಲ್ಲಿ ದೀಪವಿರಲಿಲ್ಲ, ಬಾಗಿಲಿಗೆ ಬ್ಯಾಂಕಿನ ಜಪ್ತಿ ಕಾಗದ ಅಂಟಿಸಿದ್ದರು. ಪ್ರಸನ್ನನ ಹೆಂಡತಿ ರೇಣು ಆ ಕಡೆಯ ಕಿಟಕಿಗೆ ಪರದೆ ಎಳೆದು ಊಟ ಬಡಿಸಿದಳು. ಬೆಳಗ್ಗೆ, ನಮ್ಮವರ ಅಂಗಡಿಗಳಿರುವ ಡೆವನ್ ಅವೆನ್ಯೂವಿನಿಂದ ಮೊದಲೇ ತಂದಿಟ್ಟಿದ್ದ ಎಲೆ ಅಡಿಕೆ ದೇವರ ಮುಂದಿಟ್ಟು ದೀಪ ಹಚ್ಚಿ, ಪುಳಿಯೋಗರೆ ಕಟ್ಟಿಕೊಟ್ಟು, “ದೂರಾನಾ?” ಅಂದಳು. “ಹೂಂ, ಸ್ವಲ್ಪ” ಅಂದ ಪದ್ಮನಾಭ. ನಾಲ್ಕೂ ಜನ ತಲೆಯಾಡಿಸಿದರು. ಎಷ್ಟು ಚೆನ್ನಾಗಿ ಬೆಳೆಸಿದ್ದಾರೆ ನೋಡಿ ಎಲ್ಲರನ್ನೂ!

ದಕ್ಷಿಣಕ್ಕೆ ಹೋಗುವ ಫ್ರೀವೇ ಹಿಡಿದು ಅರ್ಧ ಗಂಟೆಯಲ್ಲಿ ಮನೆಗಳೆಲ್ಲ ಮುಗಿದವು. ಆಮೇಲೆ ಬಯಲು. ಕೊಯ್ಲಾಗಿ ಕೂಳೆ ಉಳಿದ ಮುಸುಕಿನ ಜೋಳದ ಹೊಲ, ಅದರಾಚೆ ಕೂಳೆ ಉಳಿದ ಇನ್ನೊಂದು ಹೊಲ. ಗುಡ್ಡ ಹಾಗಿರಲಿ, ದಿಣ್ಣೆ ಕೂಡ ಇಲ್ಲ. ಮೈಸೂರಿನವಳಿಗೆ ಎಲ್ಲಿ ನಿಂತರೂ ಒಂದು ಕಡೆ ಚಾಮುಂಡಿ ಬೆಟ್ಟ ಕಾಣಬೇಕು, ಅದು ಕಂಡರೆ ತಾನೆಲ್ಲಿದ್ದೀನಿ ಅಂತ ಗೊತ್ತಾಗುತ್ತದೆ. ಇಲ್ಲಿ ಏನೂ ಇಲ್ಲ. ಗಾಳಿ ಒಂದೇ ಸಮ ಕಾರನ್ನು ಪಕ್ಕಕ್ಕೆ ತಳ್ಳುತ್ತಿತ್ತು, ಪದ್ಮನಾಭ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಟೇಪ್ ಹಾಕು ಅನ್ನಲಿಲ್ಲ, ಕಾಫಿಗೆ ನಿಲ್ಲಿಸೋಣವಾ ಅನ್ನಲಿಲ್ಲ. ನಿರುಪಮಾ ಓರೆಗಣ್ಣಿನಲ್ಲಿ ಅವನ ಮುಖ ನೋಡಿದಳು. ಸತ್ಯನೂ ಹೀಗೇ ಸುಮ್ಮನಿರುತ್ತಿದ್ದನಾ? ಇದ್ದಿರಬಹುದು. ಇರಲಿಕ್ಕಿಲ್ಲ. ಥೂ, ಬೆಳಗ್ಗೆ ಬೆಳಗ್ಗೆ ಏನು ಯೋಚನೆ ಅಂತ ತನ್ನನ್ನೇ ಬೈದುಕೊಂಡಳು.

ಹಿಂದಿನ ಸೀಟಿನಿಂದ ತನ್ಮಯಿ ಕೇಳಿಯೇಬಿಟ್ಟಳು: “ಅಪ್ಪಾ, ವೇರ್ ಆರ್ ವಿ ಗೋಯಿಂಗ್?”

ಪದ್ಮನಾಭ ಬಾಯಿ ತೆರೆದ. ನಿಜವಾಗಿ ತೆರೆದ, ಆಮೇಲೆ ಎಷ್ಟೋ ದಿನ ನಿರುಪಮಾಳ ಕಣ್ಣ ಮುಂದೆ ಆ ತೆರೆದ ಬಾಯಿ ಬರುತ್ತಿತ್ತು. ಅಷ್ಟರಲ್ಲಿ ಇವಳು ಹಿಂದೆ ತಿರುಗಿ ಮಗಳ ಮೊಣಕಾಲಿಗೆ ಪಟ್ ಅಂತ ಹೊಡೆದು, ಕೆಲಸಕ್ಕೆ ಹೊರಟವರನ್ನು ಹಾಗೆಲ್ಲ ಕೇಳಬಾರದು, ಎಷ್ಟು ಸಲ ಹೇಳಬೇಕು ಅಂತ ಗದರಿದಳು. ಪದ್ಮನಾಭ ಬಾಯಿ ಮುಚ್ಚಿ ರಸ್ತೆ ನೋಡಿದ.

ಹೀಗಾಗಿ ಊರಿನ ಹೆಸರು ಅವಳಿಗೆ ಗೊತ್ತಾದದ್ದು ರಸ್ತೆ ಬದಿಯ ಬೋರ್ಡಿನಿಂದ. ಡಿಕೇಟರ್. ಹೆಸರಿಗಿಂತ ಮುಂಚೆ ವಾಸನೆ ಬಂದಿತ್ತು. ಹುಳಿ ಬಂದ ಹಿಟ್ಟನ್ನು ಯಾರೋ ಹಂಡೆಗಟ್ಟಲೆ ಕಾಯಿಸುತ್ತಿರುವ ವಾಸನೆ, ಅದರೊಳಗೆ ಸುಟ್ಟ ಬೆಲ್ಲದ್ದೂ ಇತ್ತು. ನಾಯಿ ಊಟದ ವಾಸನೆ ಅಂತ ತನ್ಮಯಿ ಇಂಗ್ಲಿಷಿನಲ್ಲಿ ಹೇಳಿ ಮೂಗು ಮುಚ್ಚಿಕೊಂಡಳು. ಜೋಳ, ಸೋಯಾ ಅರೆಯುವ ದೊಡ್ಡ ದೊಡ್ಡ ಕಾರ್ಖಾನೆಗಳಿವೆ, ಅದಕ್ಕೇ ಅಂದ ಪದ್ಮನಾಭ. ಎರಡು ಗಂಟೆಯಲ್ಲಿ ಅವನು ಆಡಿದ ಮೊದಲ ಮಾತು ಅದು. ಊರಿನ ನಡುವೆ ಮನೆಗಳಿಗಿಂತ ಎತ್ತರಕ್ಕೆ ಬೂದು ಬಣ್ಣದ ಧಾನ್ಯದ ಕಣಜಗಳು ಸಾಲಾಗಿ ನಿಂತಿದ್ದವು. ಅವುಗಳಿಗೆ ಕಿಟಕಿ ಇಲ್ಲ, ಬಾಗಿಲಿಲ್ಲ. ನೆತ್ತಿಯಿಂದ ಬಿಳಿ ಹಬೆ ಏಳುತ್ತಿತ್ತು.

ಧಾನ್ಯ ಸಾಗಿಸುವ ಯಂತ್ರಗಳನ್ನು ಮಾಡುವ ಒಂದು ಫ್ಯಾಕ್ಟರಿಯ ಗೇಟಿನ ಮುಂದೆ ಹತ್ತಕ್ಕೆ ಹತ್ತು ನಿಮಿಷ ಇರುವಾಗ ಅವನು ಇಳಿದ. ಜಾಕೆಟ್ ಸೂಟಿನ ಮೇಲೆ ಚೆನ್ನಾಗಿ ಕಾಣೋಲ್ಲ ಅಂತ ಕಾರಿನಲ್ಲೇ ಬಿಟ್ಟ. ಒಂದು ಗಂಟೆಗೆ ಇಲ್ಲಿಗೇ ಬಾ, ಫೋನ್ ನೀನೇ ಇಟ್ಟುಕೋ, ಅಂದ. ಕಾರಿನ ಕೀ ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಚಿ, ಒಂದು ಕ್ಷಣ ಹಿಡಿದುಕೊಂಡ. ಆಮೇಲೆ ಏನೋ ಅಂದು ಹೊರಟ. ಏನಂದ? ಹೋಗಿ ಬರ್ತೀನಿ ಅಂದನೋ, ಬರೀ ಹೋಗ್ತೀನಿ ಅಂದನೋ, ಲಾರಿ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ.

ನಿರುಪಮಾಗೆ ಲೈಸೆನ್ಸ್ ಇತ್ತು, ಧೈರ್ಯ ಇರಲಿಲ್ಲ. ಮನೆ, ಸ್ಕೂಲು, ದಿನಸಿ ಅಂಗಡಿ, ಅಷ್ಟೇ ಅವಳ ಸಾಮ್ರಾಜ್ಯ. ಫ್ರೀವೇ ಅಂದರೆ ಜೀವ ಬಾಯಿಗೆ ಬರುತ್ತಿತ್ತು. ಈ ಊರು ಅವಳ ತರಹದ ಡ್ರೈವರಿಗೆ ಮಾಡಿಸಿದ ಹಾಗಿತ್ತು: ಆರು ಕಾರು ಒಟ್ಟಿಗೆ ಹೋಗುವಷ್ಟು ಅಗಲದ ರಸ್ತೆಯಲ್ಲಿ ಒಂದೂ ಕಾರಿಲ್ಲ. ನಿಧಾನವಾಗಿ ಊರೊಳಗೆ ಹೋದಳು. ಹಳೆಯ ಇಟ್ಟಿಗೆಯ ಚೆಂದದ ಕಟ್ಟಡಗಳು, ಮೇಲೆ ಕೆತ್ತನೆ, ಕೆಳಗೆ ಗಾಜಿಗೆ ಕಾಗದ ಅಂಟಿಸಿ ಮುಚ್ಚಿದ ಅಂಗಡಿಗಳು. ಪೀಠೋಪಕರಣದ ಅಂಗಡಿಯೊಂದರ ಒಳಗೆ ಒಂದೇ ಒಂದು ಕುರ್ಚಿ ಬೀದಿಯ ಕಡೆ ಮುಖ ಮಾಡಿಕೊಂಡು ಉಳಿದಿತ್ತು. ಬ್ಯಾಂಕಿನ ನಿಂತುಹೋದ ಗಡಿಯಾರ ಏಳೂ ಇಪ್ಪತ್ತು ತೋರಿಸುತ್ತಿತ್ತು. ಫುಟ್‌ಪಾತಿನ ಮೇಲೆ ಒಬ್ಬ ಮನುಷ್ಯ ಇಲ್ಲ. ಇಲ್ಲಿಯವರೆಲ್ಲ ಎಲ್ಲಿ ಹೋದರು ಅಂತ ಮಗಳು ಕೇಳಿದಳು. ಒಳಗಿರ್ತಾರೆ, ಚಳಿ, ಅಂದಳು ತಾಯಿ. ಅವಳಿಗೂ ಅದೇ ಪ್ರಶ್ನೆ ಇತ್ತು.

ಆದರೂ ಒಂದು ಗಂಟೆ ಹೊತ್ತು ಅವಳು ಆ ಊರಿನಲ್ಲಿ ಸಂಸಾರ ಹೂಡಿದಳು. ಏನು ಮಾಡ್ತೀರಿ, ಮನಸ್ಸು ಹಾಗೆ. ಈ ಬಿಳಿ ಮನೆಯಾದರೆ ಅಡುಗೆಮನೆ ಪೂರ್ವಕ್ಕೆ ಬರುತ್ತೆ, ಆ ಸ್ಕೂಲಾದರೆ ತನ್ಮಯಿ ನಡೆದೇ ಹೋಗಬಹುದು, ವಾಸನೆಗೆ ಒಂದು ತಿಂಗಳಲ್ಲಿ ಮೂಗು ಒಗ್ಗುತ್ತೆ. ಲೈಬ್ರರಿಯಲ್ಲಿ ಕೂತಾಗ ಅಲ್ಲಿಯ ಮುದುಕಿಯೊಬ್ಬಳು ಮಗಳಿಗೆ ಪುಸ್ತಕ ಹುಡುಕಿಕೊಟ್ಟು, ನೀವು ಈ ಊರಿಗೆ ಹೊಸಬರಾ ಅಂತ ಕೇಳಿದಳು. ಬರಬಹುದು ಅಂದುಬಿಟ್ಟಳು ನಿರುಪಮಾ. ಅಂದ ತಕ್ಷಣ ನಾಲಿಗೆ ಕಚ್ಚಿಕೊಂಡಳು. ಬಾಯಿಬಿಟ್ಟೆನಲ್ಲ, ಇನ್ನು ಕೈಗೂಡುತ್ತೋ ಇಲ್ಲವೋ.

ಒಂದು ಗಂಟೆಗೆ ಐದು ನಿಮಿಷ ಮುಂಚೆ ಗೇಟಿನ ಎದುರು ಕಾರು ನಿಲ್ಲಿಸಿದಳು. ಒಂದಾಯಿತು. ಒಂದೂ ಕಾಲಾಯಿತು. ಇಂಟರ್‌ವ್ಯೂ ಚೆನ್ನಾಗಿ ಆಗ್ತಿದೆ, ಊಟಕ್ಕೆ ಕೂರಿಸಿದಾರೆ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಒಂದೂವರೆಗೆ ಪುಳಿಯೋಗರೆ ಡಬ್ಬಿ ತೆಗೆದಳು. ಮಗಳು ತಿಂದಳು, ಇವಳು ಗೇಟನ್ನೇ ನೋಡುತ್ತಾ ಕೂತಳು. ಡಬ್ಬಿ ಮುಚ್ಚುವಾಗ ಇನ್ನೊಂದು ಡಬ್ಬಿ ನೆನಪಾಯಿತು, ನದಿ ದಡದ ಕಾರಿನೊಳಗಿನದು. ಮುಚ್ಚಳ ಹಾಕದೆ ಸೀಟಿನ ಮೇಲೇ ಬಿಟ್ಟಳು. ಮಗಳ ಕೈ ಹಿಡಿದು ಗೇಟಿನ ಪಕ್ಕದ ಆಫೀಸಿಗೆ ಹೋದಳು.

ಅಲ್ಲಿ ಮೇಜಿನ ಹಿಂದೆ ಕೂತಿದ್ದ ದಪ್ಪ ಕನ್ನಡಕದ ಹೆಂಗಸು ರಿಜಿಸ್ಟರ್ ತಿರುಗಿಸಿ ತೋರಿಸಿದಳು. ಪದ್ಮನಾಭನ ಅಕ್ಷರ. ಒಳಗೆ ಬಂದದ್ದು ಒಂಬತ್ತು ಐವತ್ತೆರಡು. ಹೊರಗೆ ಹೋದದ್ದು ಹತ್ತು ಇಪ್ಪತ್ತು. ನಿರುಪಮಾ ಆ ಅಂಕಿಗಳನ್ನು ಎರಡು ಸಲ ಓದಿದಳು. ಬೆಳಗ್ಗೆ ಎಂಟಕ್ಕೇ ಮೇಲಿನವರಿಂದ ಕಾಗದ ಬಂತಂತೆ, ಯಾರನ್ನೂ ತೆಗೆದುಕೊಳ್ಳುವ ಹಾಗಿಲ್ಲ ಅಂತ. ಅಷ್ಟು ದೂರದಿಂದ ಬಂದವರಿಗೆ ಹಾಗೆ ಹೇಳಬೇಕಾಯಿತು, ನನಗೇ ಬೇಜಾರಾಯಿತು ಅಂದಳು ಆ ಹೆಂಗಸು. ಆಮೇಲೆ ಸ್ವಲ್ಪ ತಡೆದು, ಇನ್ನೊಂದು ಮಾತು ಹೇಳಿದಳು. ನಿಮ್ಮ ಯಜಮಾನರು ಹೋಗುವ ಮುಂಚೆ ಊರಿನ ಕೆರೆಗೆ ಎಷ್ಟು ದೂರ ಅಂತ ಕೇಳಿದರು. ಒಂದೂವರೆ ಮೈಲಿ, ಯಾರೂ ನಡೆದು ಹೋಗೋಲ್ಲ ಅಂದೆ. ಅವರು ನಡೆದೇ ಹೋದರು.

ನೀರು. ಇವನಿಗ್ಯಾಕೆ ನೀರು? ಮೂರು ಗಂಟೆಗೂ ಹೆಚ್ಚಾಯಿತು, ಮೈಮೇಲೆ ಜಾಕೆಟ್ ಇಲ್ಲ, ಕೈಯಲ್ಲಿ ಫೋನ್ ಇಲ್ಲ. ಆ ಹೆಂಗಸು ಪೊಲೀಸರಿಗೆ ಹೇಳಲಾ ಅಂತ ಕೇಳಿದಳು. ಹೇಳಿ, ಹೇಳಿ ಅಂತ ನಿರುಪಮಾ ಕನ್ನಡದಲ್ಲೇ ಅಂದು, ಮಗಳನ್ನು ಎಳೆದುಕೊಂಡು ಕಾರಿಗೆ ಓಡಿದಳು. ಬಲಕ್ಕೆ ಹೋಗಿ, ರೈಲ್ವೆ ಗೇಟು ದಾಟಿ, ನೇರ ಹೋದರೆ ಸೇತುವೆ ಅಂತ ಹಿಂದಿನಿಂದ ಅವಳು ಕೂಗಿ ಹೇಳಿದ್ದು ಕೇಳಿಸಿತು.

ರೈಲ್ವೆ ಗೇಟು ಕಣ್ಣೆದುರೇ ಬಿತ್ತು. ಗಂಟೆ ಬಡಿಯಿತು, ಕೆಂಪು ದೀಪ ಮಿಣುಕಿತು, ಗೂಡ್ಸ್ ಗಾಡಿ ಬಂತು. ಜೋಳ ತುಂಬಿದ ಡಬ್ಬಗಳು, ಒಂದರ ಹಿಂದೆ ಒಂದು, ನಡೆಯುವವರಿಗಿಂತ ನಿಧಾನಕ್ಕೆ. ನಲವತ್ತು ಡಬ್ಬ ಹೋಯಿತು, ಐವತ್ತು ಹೋಯಿತು, ಮುಗಿಯಲಿಲ್ಲ. ಆಮೇಲೆ ಗಾಡಿ ನಿಂತೇಬಿಟ್ಟಿತು. ನಿರುಪಮಾ ಹಾರ್ನ್ ಒತ್ತಿದಳು. ಯಾರಿಗೆ? ಜೋಳದ ಮೂಟೆಗಾ? ಒತ್ತುತ್ತಲೇ ಇದ್ದಳು. ಅಜ್ಜಿ, ಚಾಮುಂಡಿ, ನಂಜುಂಡೇಶ್ವರ, ಬಾಯಿಗೆ ಬಂದವರನ್ನೆಲ್ಲ ಕರೆದಳು. ದೇವರೇ, ಕೆಲಸ ಬೇಡ, ವೀಸಾ ಬೇಡ, ಈ ದರಿದ್ರ ದೇಶವೇ ಬೇಡ, ಅವರೊಬ್ಬರನ್ನು ಕೊಟ್ಟುಬಿಡು.

ಹಿಂದಿನಿಂದ ಸಣ್ಣ ದನಿಯಲ್ಲಿ ತನ್ಮಯಿ ಕೇಳಿದಳು: “ಅಮ್ಮಾ, ಈಸ್ ಅಪ್ಪ ಲೈಕ್ ಸತ್ಯ ಅಂಕಲ್?”

ಮಗುವಿಗೆ ಗೊತ್ತಿತ್ತು. ದೊಡ್ಡವರು ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದೆಲ್ಲ ಗೊತ್ತಿತ್ತು. ಇಷ್ಟು ದಿನ ಅದೂ ಕೇಳಬಾರದು ಅಂತ ಸುಮ್ಮನಿತ್ತು. ನಿರುಪಮಾ ಹಾರ್ನಿನಿಂದ ಕೈ ತೆಗೆದಳು. ಗೊತ್ತಿಲ್ಲ ಪುಟ್ಟಾ, ಅಂದಳು. ಹುಟ್ಟಿದಾಗಿನಿಂದ ಮಗಳಿಗೆ ಅವಳು ಅಷ್ಟು ನಿಜ ಯಾವತ್ತೂ ಹೇಳಿರಲಿಲ್ಲ. ಗಾಡಿ ಒಂದು ಸಲ ಅದುರಿ ಮತ್ತೆ ಹೊರಟಿತು.

ಗೇಟು ಮೇಲೇಳುತ್ತಿದ್ದ ಹಾಗೇ ಕಾರು ನುಗ್ಗಿಸಿದಳು. ಎರಡು ಕೆಂಪು ದೀಪ ದಾಟಿದಳು, ನೋಡಲೂ ಇಲ್ಲ. ಮನೆಗಳು ಮುಗಿದು ಥಟ್ಟನೆ ನೀರು ಕಂಡಿತು. ನಮ್ಮೂರಿನ ಕೆರೆ ಅಂದುಕೊಳ್ಳಬೇಡಿ, ಅಗಲವಾದ ನೀರು, ಅಂಚಿನಲ್ಲಿ ಇನ್ನೂ ಕರಗದ ಕೊಳೆ ಹಿಮ, ನಡುವೆ ಗಾಳಿಗೆ ಅಲೆಯೇಳುವ ಕಪ್ಪು. ಅದರ ಮೇಲೆ ಉದ್ದದ ಸೇತುವೆ. ಸೇತುವೆಯ ಬದಿಯಲ್ಲಿ, ಕಂಬಿಗೆ ಒತ್ತಿಕೊಂಡ ಹಾಗೆ, ಸೂಟು ತೊಟ್ಟ ಒಬ್ಬ ಮನುಷ್ಯ ಬೆನ್ನು ಹಾಕಿಕೊಂಡು ನಡೆದು ಹೋಗುತ್ತಿದ್ದ.

ಅವನೇ. ಎಡಭುಜ ಸ್ವಲ್ಪ ಇಳಿಸಿಕೊಂಡು ನಡೆಯುವ ಆ ನಡಿಗೆ ಸಾವಿರ ಜನರ ನಡುವೆಯೂ ಅವಳಿಗೆ ಗೊತ್ತಾಗುತ್ತಿತ್ತು. ಕಾರು ರಸ್ತೆಯಲ್ಲೇ ನಿಲ್ಲಿಸಿ, ಬಾಗಿಲು ತೆಗೆದಿಟ್ಟೇ ಇಳಿದಳು. ಗಾಳಿ ಮುಖಕ್ಕೆ ಹೊಡೆಯಿತು. ಅವನು ನಿಂತ. ಕಂಬಿಯ ಮೇಲೆ ಎರಡೂ ಕೈ ಇಟ್ಟ. ಕೆಳಗೆ ನೋಡಿದ.

ಆಗ, ನೀವು ನಂಬುತ್ತೀರೋ ಇಲ್ಲವೋ, ಅವಳ ಬಾಯಿ ಕಟ್ಟಿತು. ಹೊರಟವರನ್ನು ಹಿಂದಿನಿಂದ ಕರೆಯಬಾರದು. ಎಲ್ಲಿಗೆ ಅಂತ ಕೇಳುವುದಕ್ಕಿಂತ ಅದು ಇನ್ನೂ ಕೆಟ್ಟದ್ದು. ಗಂಡ ನೀರಿನ ಮೇಲೆ ಬಾಗಿ ನಿಂತಿದ್ದಾನೆ, ಇವಳ ತಲೆ ಮೇಲೆ ಅಜ್ಜಿ ಮೊಟಕುತ್ತಿದ್ದಾರೆ. ಒಂದು ಉಸಿರು ಹೊತ್ತು, ಅಷ್ಟೇ. ಆಮೇಲೆ ಅಜ್ಜಿಯನ್ನೂ, ಸರಸ್ವತಿಪುರಂ ಮನೆಯನ್ನೂ ಒಟ್ಟಿಗೆ ಆ ಕೆರೆಗೆ ಹಾಕಿ ಅವಳು ಎದೆ ಬಿರಿಯುವ ಹಾಗೆ ಕಿರುಚಿದಳು.

“ರೀ, ಎಲ್ಲಿಗೆ ಹೋಗ್ತಿದ್ದೀರಿ? ಎಲ್ಲಿಗ್ರೀ?”

ಅವನು ತಿರುಗಿದ. ಮುಖ ನೀಲಿಗಟ್ಟಿತ್ತು. ಕಂಬಿಯಿಂದ ಕೈ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು, ಬೆರಳು ಮರಗಟ್ಟಿದ್ದವು. ಅವಳು ಓಡಿ ಹೋಗಿ ಅವನ ಕೋಟನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡಳು. ಅಪ್ಪಿಕೊಂಡಳು ಅಂತ ಹೇಳಲಾರೆ, ಕಳ್ಳನನ್ನು ಹಿಡಿದ ಹಾಗೆ ಹಿಡಿದಳು. ಬೈದಳು, ಅತ್ತಳು, ಮತ್ತೆ ಬೈದಳು. ಹಿಂದೆ ಒಂದು ಪಿಕಪ್ ಟ್ರಕ್ಕು ಬಂದು ನಿಂತಿತು. ಅದರ ಡ್ರೈವರು ಹಾರ್ನ್ ಮಾಡಲಿಲ್ಲ, ಕಾದ.

ಕಾರಿನಲ್ಲಿ ಹೀಟರ್ ಪೂರ್ತಿ ಹಾಕಿ, ಜಾಕೆಟ್ ಹೊದಿಸಿ, ಸೇತುವೆಯ ಆಚೆ ಬದಿಗೆ ನಿಲ್ಲಿಸಿಕೊಂಡಳು. ಅವನ ಜೇಬಿನಲ್ಲಿದ್ದ ಇಂಟರ್‌ವ್ಯೂ ಕಾಗದ ನೋಡಿ ಫ್ಯಾಕ್ಟರಿಗೆ ಫೋನ್ ಮಾಡಿ, ಅವರು ಸಿಕ್ಕಿದರು, ಪೊಲೀಸರಿಗೆ ಬೇಡ ಅನ್ನಿ ಅಂದಳು. ತನ್ಮಯಿ ಹಿಂದಿನ ಸೀಟಿನಿಂದ ಕೈ ಚಾಚಿ ಅಪ್ಪನ ಕಿವಿಯನ್ನು ಅಂಗೈಯಿಂದ ಮುಚ್ಚಿ ಬೆಚ್ಚಗೆ ಮಾಡುತ್ತಿದ್ದಳು. ಸೇತುವೆಯನ್ನು ಆರು ಸಲ ದಾಟಿದೆ ಅಂದ. ಈ ಸಲ ದಾಟಿದರೆ ವಾಪಸ್ ಗೇಟಿಗೆ ಹೋಗೋದು, ಈ ಸಲ ದಾಟಿದರೆ ಹೋಗೋದು ಅಂತ. ನಡುವೆ ಬಂದಾಗೆಲ್ಲ ನಿಲ್ಲುತ್ತಿದ್ದೆ. ಯಾಕೆ ನಿಲ್ಲುತ್ತಿದ್ದೆ ಅಂತ ಕೇಳಬೇಡ ಅಂದ.

“ಕೇಳ್ತೀನಿ” ಅಂದಳು ನಿರುಪಮಾ.

ಹೇಳಿದ. ಏನು ಹೇಳಿದನೋ ಅದನ್ನು ಇಲ್ಲಿ ಬಿಡಿಸಿ ಹೇಳುವ ಅಗತ್ಯವಿಲ್ಲ, ನಿಮಗೂ ಗೊತ್ತಾಗಿದೆ. ಅವಳು ಕೊನೆಯವರೆಗೆ ಕೇಳಿಸಿಕೊಂಡಳು. ಆಮೇಲೆ ಫೆಬ್ರವರಿಯ ಆ ಎರಡು ಗುರುವಾರಗಳ ಬಗ್ಗೆ ಕೇಳಿದಳು, ಯಾವ ಕಂಪನಿ, ಯಾವ ಊರು ಅಂತ. ಅವನು ಕೈಯನ್ನು ಹೀಟರಿನ ಮುಂದೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಂಡ.

“ಯಾವ್ದೂ ಇರ್ಲಿಲ್ಲ” ಅಂದ. “ನದಿ ಹತ್ರ ಹೋಗಿ ಕೂತಿದ್ದೆ. ಸತ್ಯ ಕಾರು ನಿಲ್ಸಿದ್ದ ಜಾಗದಲ್ಲೇ.”

“ನಂಗೆ ಇಂಟರ್‌ವ್ಯೂ ಅಂದ್ರಲ್ಲ.”

“ನೀನು ಕೇಳೋಲ್ಲ ಅಂತ ಗೊತ್ತಿತ್ತಲ್ಲ.”

ಅವಳಿಗೆ ಹೊಡೆದ ಹಾಗಾಯಿತು. ಅಲ್ಲ, ಹೊಡೆದಿದ್ದರೆ ವಾಸಿಯಿತ್ತು. ಬಾಗಿಲಲ್ಲಿ ತಾನು ಬಾಯಿ ಮುಚ್ಚಿಕೊಂಡು ನಿಂತ ಅಷ್ಟೂ ಬೆಳಗುಗಳು ಒಟ್ಟಿಗೆ ಕಣ್ಣೆದುರು ಬಂದವು. ಶುಭವಾಗಲಿ ಅಂತ ನಿಂತಿದ್ದಳು ತಾನೇ. ಅವಳ ಆ ಮೌನದ ಮರೆಯಲ್ಲಿ ಅವನು ನದಿ ದಡಕ್ಕೆ ಹೋಗಿ ಬರುತ್ತಿದ್ದ.

ವಾಪಸ್ ಅವಳೇ ಡ್ರೈವ್ ಮಾಡಿದಳು. ಫ್ರೀವೇಯನ್ನೂ ಅವಳೇ ಹತ್ತಿಸಿದಳು, ಪಕ್ಕದಲ್ಲಿ ಲಾರಿಗಳು ಗುಡುಗಿಕೊಂಡು ಹೋಗುವಾಗ ಕಣ್ಣು ಮುಚ್ಚಿಬಿಡೋಣ ಅನ್ನಿಸುತ್ತಿತ್ತು, ಮುಚ್ಚಲಿಲ್ಲ. ಪದ್ಮನಾಭ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ. ಹತ್ತು ಮೈಲಿಗೊಂದು ಸಲ ಅವನ ಉಸಿರಾಟ ನೋಡುತ್ತಿದ್ದಳು. ಪ್ಲೇನ್‌ಫೀಲ್ಡ್ ಮುಟ್ಟಿದ ಮೇಲೆ ಪ್ರಸನ್ನನಿಗೂ ರೇಣುಗೂ ಒಂದೂ ಮುಚ್ಚಿಡದೆ ಹೇಳಿದಳು. ಪ್ರಸನ್ನ ಎದ್ದು ಹೋಗಿ ಪದ್ಮನಾಭನ ಪಕ್ಕ ಕೂತ. ಕೌನ್ಸೆಲಿಂಗ್ ಮಾಡುವ ಒಬ್ಬ ಡಾಕ್ಟರು ಹತ್ತಿರದಲ್ಲೇ ಇದ್ದಾರೆ, ನಾಳೆ ಮಧ್ಯಾಹ್ನಕ್ಕೆ ನಾನೇ ಕರಕೊಂಡು ಹೋಗ್ತೀನಿ ಅಂದ. ರೇಣು ಪರದೆ ಸರಿಸಿ ಎದುರಿನ ಕತ್ತಲೆ ಮನೆಗಳನ್ನು ನೋಡುತ್ತಾ ನಿಂತಿದ್ದಳು.

ಮಾರನೆಯ ಬೆಳಗ್ಗೆ ಹತ್ತು ಗಂಟೆಗೆ ಪದ್ಮನಾಭ ಶೂ ಹಾಕಿಕೊಂಡ. ಪ್ರಸನ್ನ ಆಫೀಸಿಗೆ ಹೋಗಿಯಾಗಿತ್ತು. ರೇಣು ಸೌಟು ಹಿಡಿದುಕೊಂಡು ಬಂದು ಎಂದಿನ ಹಾಗೆ ‘ದೂ’ ಅಂತ ಶುರು ಮಾಡಿ ಅಲ್ಲೇ ನಿಲ್ಲಿಸಿದಳು. ನಿರುಪಮಾ ಬಾಗಿಲಿಗೆ ಅಡ್ಡ ನಿಂತಿದ್ದಳು.

“ಎಲ್ಲಿಗೆ?”

ರೇಣುವಿನ ಕೈ ತಾನಾಗಿ ಬಾಯಿಗೆ ಹೋಯಿತು. ಪದ್ಮನಾಭ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಲೈಬ್ರರಿಗೆ ಅಂದ, ಇಂಟರ್‌ನೆಟ್‌ನಲ್ಲಿ ಎರಡು ಕಡೆ ಅಪ್ಲೈ ಮಾಡಬೇಕು. ಯಾವ ಲೈಬ್ರರಿ ಅಂದಳು. ಹೇಳಿದ. ಯಾವ ರಸ್ತೆ? ಹೇಳಿದ. ಯಾವ ಎರಡು ಕಡೆ? ಕಂಪನಿಗಳ ಹೆಸರು ಹೇಳಿದ, ಊರುಗಳ ಹೆಸರು ಹೇಳಿದ. ಎಷ್ಟು ಹೊತ್ತಿಗೆ ಬರ್ತೀರಿ? ಹನ್ನೆರಡಕ್ಕೆ. ಫೋನ್ ಅವನ ಜೇಬಿಗೆ ಹಾಕಿ, ಜಾಕೆಟಿನ ಜಿಪ್ ಗಂಟಲವರೆಗೆ ಎಳೆದಳು. ಅವನ ಕಣ್ಣು ತುಂಬಿತ್ತು. ಹೋಗಿ ಬರ್ತೀನಿ ಅಂದ. ಈ ಸಲ ಚೆನ್ನಾಗಿ ಕೇಳಿಸಿತು.

ನಿರುಪಮಾ ಮೆಟ್ಟಿಲ ಮೇಲೆ ಕೂತಳು. ರೇಣು ಕಾಫಿ ತಂದಿಟ್ಟಳು, ಅದು ಆರಿತು. ತನ್ಮಯಿ ಬಂದು ಪಕ್ಕದಲ್ಲಿ ಕೂತು ಅಮ್ಮನ ಕೈಯ ಗಡಿಯಾರವನ್ನು ತನ್ನ ಕಡೆ ತಿರುಗಿಸಿಕೊಂಡಳು. ಹನ್ನೆರಡಾಯಿತು. ಹನ್ನೆರಡೂ ಐದಾಯಿತು. ಹನ್ನೆರಡೂ ಹತ್ತಕ್ಕೆ ಗ್ಯಾರೇಜಿನ ಬಾಗಿಲು ಏಳುವ ಸದ್ದು, ಅದರ ಹಿಂದೆ ಪದ್ಮನಾಭನ ಹೆಜ್ಜೆ ಕೇಳಿಸಿತು.